ಮೊದಲು ನೀವು ಎಲ್ಲಿದ್ದೀರಿ ಹೇಳಿ



ಸಂಘದ ಕಾರ್ಯಕ್ರಮ ಯಾವುದೇ ಇರಲಿ, ಯುಗಾದಿ ಆಗಲಿ, ರಾಜ್ಯೋತ್ಸವ ಆಗಲಿ, ಊಟದ ಸಾಲಿನಲ್ಲಿ ನಿಂತಾಗ ನಮಗೆ ಎರಡು ಪ್ರಶ್ನೆ ತಪ್ಪೋದಿಲ್ಲ. ಮೊದಲನೆಯದು, "ಆನ್‌ಲೈನ್‌ನಲ್ಲಿ ಹೀಲಿಂಗ್ ಮಾಡ್ತೀರಂತೆ, ಅದು ನಿಜವಾಗ್ಲೂ ಕೆಲಸ ಮಾಡತ್ತಾ?" ಎರಡನೆಯದು ಸ್ವಲ್ಪ ತಗ್ಗಿದ ದನಿಯಲ್ಲಿ, "ಒಂದು ಸೆಷನ್‌ಗೆ ಎಷ್ಟು ತಗೋತೀರಿ? ನಾವೂ ಮಾಡಬಹುದಾ?" ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಪಾದಕ ಗೆಳೆಯರು ಕೇಳಿದಾಗ, ಇವೆರಡಕ್ಕೂ ಒಟ್ಟಿಗೇ ಉತ್ತರ ಬರೆದುಬಿಡೋಣ, ಮುಂದಿನ ಸಲವಾದರೂ ಬಿಸಿಬೇಳೆಬಾತನ್ನು ಬಿಸಿ ಇರುವಾಗಲೇ ತಿನ್ನೋಣ ಅಂದುಕೊಂಡೆವು.

ನಾವು ಅಂದರೆ ಒಂದೇ ಮನೆಯ ಇಬ್ಬರು. ಒಬ್ಬರು ಇಲ್ಲಿ ಲೀಡ್ಸ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದಾರೆ, ವಿಷಯ ಮೆಟೀರಿಯಲ್ಸ್ ಸೈನ್ಸ್. ಇನ್ನೊಬ್ಬರು ಅವರ ಡಿಪೆಂಡೆಂಟ್ ವೀಸಾದಲ್ಲಿ ಬಂದವರು; ಮೈಸೂರಿನಲ್ಲಿದ್ದಾಗ ಪ್ರಾಣಿಕ್ ಹೀಲಿಂಗ್ ಕಲಿತು, ಕೆಲವು ವರ್ಷ ಅದನ್ನೇ ಉದ್ಯೋಗ ಮಾಡಿಕೊಂಡಿದ್ದವರು. ಒಬ್ಬರಿಗೆ ಪ್ರಾಣಶಕ್ತಿ ಅನ್ನೋದು ಇದೆ, ಅದು ಅಂಗೈಗೆ ಗೊತ್ತಾಗತ್ತೆ ಅನ್ನುವ ನಂಬಿಕೆ. ಇನ್ನೊಬ್ಬರಿಗೆ ಇಲ್ಲ. ಕೈ ಒಬ್ಬರದು, ವಾದ ಇಬ್ಬರದು. ಆ ವಾದಕ್ಕೆ ಸಂಬಳ ಇಲ್ಲ. ಅದು ತಮಾಷೆಗೆ ಹೇಳಿದ ಮಾತಲ್ಲ, ವೀಸಾದ ಮಾತು. ಹಾಗಾಗಿ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಕೊಟ್ಟುಬಿಡ್ತೀವಿ. ಬ್ರಿಟನ್ನಿನ ಸ್ಟೂಡೆಂಟ್ ವೀಸಾದಲ್ಲಿ ಇರುವವರು ಸ್ವಂತ ಉದ್ಯೋಗ ಮಾಡುವ ಹಾಗಿಲ್ಲ. ವಾರಕ್ಕೆ 20 ಗಂಟೆ ಕೆಲಸ ಮಾಡಬಹುದಲ್ಲ ಅಂದರೆ, ಅದು ಯಾರದೋ ಕೈಕೆಳಗೆ ಸಂಬಳಕ್ಕೆ ಮಾಡುವ ಕೆಲಸ. ಕ್ಲೈಂಟ್ ಬೆಂಗಳೂರಿನಲ್ಲಿದ್ದರೂ, ದುಡ್ಡು ಅಲ್ಲಿನ ಅಕೌಂಟಿಗೇ ಬಂದರೂ, ನೀವು ಕೂತು ಕೆಲಸ ಮಾಡಿದ್ದು ಇಲ್ಲಿ. ಪಿಎಚ್‌ಡಿ ಮಾಡುವವರ ಸಂಗಾತಿಗೆ ಈ ಕಟ್ಟು ಇಲ್ಲ. ಅದಕ್ಕೇ ಡೈರಿ, ದುಡ್ಡು, ಕ್ಲೈಂಟ್ ಎಲ್ಲಾ ಒಬ್ಬರ ಹೆಸರಿನಲ್ಲೇ ಇದೆ. ಇನ್ನೊಬ್ಬರು ಅದನ್ನೆಲ್ಲ ಮುಟ್ಟೋದಿಲ್ಲ. ಊಟದ ಹೊತ್ತಿಗೆ ವಾದ ಮಾತ್ರ ಮಾಡ್ತಾರೆ.

ಈ ವಿದ್ಯೆ ಕೇಳದೇ ಇದ್ದವರಿಗೆ ಎರಡು ಮಾತು. ಪ್ರಾಣಿಕ್ ಅನ್ನೋದು ಪ್ರಾಣ ಅನ್ನೋ ನಮ್ಮ ಪದದಿಂದಲೇ ಬಂದಿದ್ದು. ಊರಿನಲ್ಲಿ ನಮ್ಮ ದೊಡ್ಡಪ್ಪ ಮಾತ್ರ ಅದನ್ನ ಪ್ರಾಣಿ ಅಂತ ಕೇಳಿಸಿಕೊಂಡು, "ನಮ್ಮ ಹಸುಗೆ ಕೆಚ್ಚಲು ಬಾವು ಬಂದಿದೆ, ಸ್ವಲ್ಪ ನೋಡ್ತೀರಾ?" ಅಂದಿದ್ದರು. ಇವತ್ತು ಬೆಂಗಳೂರು, ಮೈಸೂರು ಕಡೆ ಜನ ಮಾಡುವ ಪ್ರಾಣಿಕ್ ಹೀಲಿಂಗ್‌ಗೆ ರೂಪ ಕೊಟ್ಟವರು ಫಿಲಿಪೀನ್ಸ್‌ನ ಚೋವಾ ಕೋಕ್ ಸುಯಿ. ಅವರ ಮೊದಲ ಪುಸ್ತಕ ಬಂದಿದ್ದು 1987ರಲ್ಲಿ. ರೇಕಿ ಅದಕ್ಕಿಂತ ಹಳೆಯದು. ಜಪಾನಿನ ಮಿಕಾವೋ ಉಸುಯಿ 1922ರಲ್ಲಿ ಕುರಾಮಾ ಬೆಟ್ಟದಲ್ಲಿ ಉಪವಾಸ ಕೂತಾಗ ಅದು ತಮಗೆ ದೊರೆಯಿತು ಅಂತ ಹೇಳಿಕೊಂಡರು. 1930ರ ದಶಕದ ಕೊನೆಗೆ ಹವಾಯೋ ತಕಾತಾ ಅನ್ನುವವರು ಅದನ್ನ ಹವಾಯಿ ದ್ವೀಪಕ್ಕೆ ತಂದರು. ರೇಕಿಯಲ್ಲಿ ಸಾಮಾನ್ಯವಾಗಿ ಕೈ ಇಡ್ತಾರೆ, ಪ್ರಾಣಿಕ್ ಹೀಲಿಂಗ್‌ನಲ್ಲಿ ಮುಟ್ಟೋದೇ ಇಲ್ಲ. ಮೈಯಿಂದ ಸ್ವಲ್ಪ ದೂರದಲ್ಲಿ ಅಂಗೈ ಆಡಿಸಿ ನೋಡೋದು, ಕೆಟ್ಟದ್ದನ್ನ ಗುಡಿಸಿ ಪಕ್ಕದಲ್ಲಿರುವ ಉಪ್ಪುನೀರಿನ ಬಟ್ಟಲಿಗೆ ಒದರೋದು, ಆಮೇಲೆ ಒಳ್ಳೆಯದನ್ನ ತುಂಬೋದು. ನಮ್ಮಜ್ಜಿ ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ನಿವಾಳಿಸಿ ಒಲೆಗೆ ಹಾಕ್ತಿದ್ದುದನ್ನ ಕಂಡವರಿಗೆ ಇದೇನೂ ಹೊಸದು ಅನ್ನಿಸೋದಿಲ್ಲ. ಕಲಿಯುವಾಗ ನಮಗೂ ಮೊದಲು ನೆನಪಾಗಿದ್ದು ಒಲೆಯಲ್ಲಿ ಉಪ್ಪು ಸಿಡಿಯುವ ಆ ಚಟಪಟ ಸದ್ದೇ.

ದೂರದಿಂದ ಮಾಡುವ ಕ್ರಮ ಎರಡರಲ್ಲೂ ಮೊದಲಿನಿಂದ ಇತ್ತು. ಅದಕ್ಕೆ ವಿಡಿಯೋ ಬೇಕಾಗಿರಲಿಲ್ಲ. ಕೋವಿಡ್ ಬಂದಾಗ ಎಲ್ಲರೂ ಜೂಮ್‌ಗೆ ಬಂದರು, ಹೀಲಿಂಗೂ ಬಂತು, ಹೋಗಲಿಲ್ಲ. ಈಗ ನಮ್ಮ ಕ್ಲೈಂಟ್‌ಗಳಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಬೇರೆ ಬೇರೆ ಊರಿನಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರು, ಉಳಿದವರು ಕರ್ನಾಟಕದಲ್ಲಿರುವ ಹಳೆಯ ಪರಿಚಯದವರು.

ಸೆಷನ್ ಒಂದು ಗಂಟೆ. ಮೊದಲ ಇಪ್ಪತ್ತು ನಿಮಿಷ ಮಾತು, ನಡುವೆ ಇಪ್ಪತ್ತೈದು ನಿಮಿಷ ಮೌನ, ಕೊನೆಗೆ ಮತ್ತೆ ಸ್ವಲ್ಪ ಮಾತು. ಹೇಳೋದಕ್ಕೆ ಸುಲಭ. ಆದರೆ ಶೇರಿಂಗ್ ಮನೆಯಲ್ಲಿ ಇಪ್ಪತ್ತೈದು ನಿಮಿಷ ಮೌನ ಹೊಂದಿಸೋದು ಎಂಥಾ ಕಷ್ಟ ಅಂತ ನಿಮಗೇ ಗೊತ್ತು. ಒಬ್ಬರ ರೂಮಿನ ಗೋಡೆಯಾಚೆ ವಾಷಿಂಗ್ ಮಷೀನ್, ಇನ್ನೊಬ್ಬರ ಕಿಟಕಿ ಕೆಳಗೆ ಬಸ್ ಸ್ಟಾಪ್. ಫೋನನ್ನ ಕೈಯಲ್ಲಿ ಹಿಡೀಬೇಡಿ, ಚಾರ್ಜರ್‌ಗೆ ಹಾಕಿ ಒರಗಿಸಿಡಿ, ಹೌಸ್‌ಮೇಟ್‌ಗಳಿಗೆ ಹೇಳಿ ಬಾಗಿಲು ಹಾಕಿಕೊಳ್ಳಿ, ಬೇಕಾದರೆ ಕ್ಯಾಮೆರಾ ಆಫ್ ಮಾಡಿ, ಮಲಗಿದರೂ ಸರಿ, ನಿದ್ದೆ ಬಂದರೂ ಸರಿ ಅಂತ ಮುಂಚೆಯೇ ಬರೆದು ಕಳಿಸ್ತೀವಿ. ಮೌನ ಶುರುವಾಗಿ ಎರಡೇ ನಿಮಿಷಕ್ಕೆ "ಹಲೋ, ಇದ್ದೀರಾ? ಕಟ್ ಆಯ್ತಾ?" ಅಂತ ಎದ್ದು ಕೂತವರು ಎಷ್ಟೋ ಜನ. ಅದಕ್ಕೆ ಐದು ನಿಮಿಷಕ್ಕೊಮ್ಮೆ ಸಣ್ಣದಾಗಿ ಗಂಟೆ ಬಾರಿಸ್ತೀವಿ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಜೂಮ್ ಹಿನ್ನೆಲೆ ಸದ್ದನ್ನ ತಾನಾಗಿಯೇ ಅಡಗಿಸತ್ತೆ, ಅದರ ಲೆಕ್ಕದಲ್ಲಿ ನಮ್ಮ ಗಂಟೆಯೂ ಹಿನ್ನೆಲೆ ಸದ್ದೇ. ಒರಿಜಿನಲ್ ಸೌಂಡ್ ಅನ್ನುವ ಆಯ್ಕೆ ಆನ್ ಮಾಡಿದರೆ ಮಾತ್ರ ಆ ಕಡೆಗೆ ಕೇಳಿಸತ್ತೆ.

ಹೊತ್ತಿನ ಲೆಕ್ಕವೂ ಇದೆ. ಚಳಿಗಾಲದಲ್ಲಿ ಊರು ನಮಗಿಂತ ಐದೂವರೆ ಗಂಟೆ ಮುಂದೆ, ಮಾರ್ಚ್ ಕೊನೇ ಭಾನುವಾರ ಇಲ್ಲಿನ ಗಡಿಯಾರ ತಿರುಗಿಸಿದ ಮೇಲೆ ನಾಲ್ಕೂವರೆ. ಊರಿನವರಿಗೆ ರಾತ್ರಿ ಒಂಬತ್ತಕ್ಕೆ, ಅಡುಗೆಮನೆ ಕೆಲಸ ಮುಗಿಸಿ ಬಂದಾಗ, ನಮಗೆ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆ. ಅವರು ಕತ್ತಲಲ್ಲಿ ದೀಪ ಆರಿಸಿ ಮಲಗಿರ್ತಾರೆ, ನಮ್ಮ ಕಿಟಕಿಯಲ್ಲಿ ಇನ್ನೂ ಒಂಚೂರು ಬೆಳಕಿರತ್ತೆ.

ಇನ್ನು ಆ ಮೊದಲ ಇಪ್ಪತ್ತು ನಿಮಿಷದ ಮಾತು. ನಮ್ಮ ಅನುಭವದಲ್ಲಿ ಅರ್ಧ ಕೆಲಸ ಅಲ್ಲೇ ಆಗೋದು. ಸುಮಾರು ಜನ ಇಂಗ್ಲಿಷಿನಲ್ಲಿ ಶುರು ಮಾಡ್ತಾರೆ. ಸ್ಟ್ರೆಸ್, ಆಂಗ್ಸೈಟಿ, ಬರ್ನ್‌ಔಟ್. ಆ ಪದಗಳನ್ನ ಕೇಳಿದರೆ ಯಾರದೋ ಫಾರಂ ತುಂಬಿಸಿದ ಹಾಗಿರತ್ತೆ. ಕನ್ನಡದಲ್ಲೇ ಹೇಳಿ ಪರವಾಗಿಲ್ಲ ಅಂದ ತಕ್ಷಣ ಬೇರೆಯದೇ ಬರತ್ತೆ. ಎದೆ ಭಾರ. ಹೊಟ್ಟೆಯೊಳಗೆ ಏನೋ ಸಂಕಟ. ಕೈಕಾಲಿನಲ್ಲಿ ಜೀವ ಇಲ್ಲ. ಒಬ್ಬ ಹುಡುಗಿ ಹದಿನೈದು ನಿಮಿಷ ಡೆಡ್‌ಲೈನ್ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿ, ಕನ್ನಡಕ್ಕೆ ಹೊರಳಿದ್ದೇ ತಡ, "ಊರಿಗೆ ಹೋಗಕ್ಕೆ ಮುಖ ಇಲ್ಲ" ಅಂದುಬಿಟ್ಟಳು. ಲೋನ್ ತೆಗೆದಿದ್ದು, ಅಪ್ಪ ಜಮೀನಿನ ಪತ್ರ ಇಟ್ಟಿದ್ದು, ಒಂದು ಮಾಡ್ಯೂಲ್ ಫೇಲ್ ಆಗಿದ್ದು ಎಲ್ಲ ಆ ಒಂದು ಮಾತಿನ ಹಿಂದೆ ಇತ್ತು. ಆ ದಿನ ಗುಡಿಸಿದ್ದೆಷ್ಟು, ತುಂಬಿದ್ದೆಷ್ಟು ನಮಗೆ ಹೇಳೋಕೆ ಬರೋದಿಲ್ಲ. ಅವಳು ಆ ಮಾತನ್ನ ಅದಕ್ಕೂ ಮೊದಲು ಯಾರ ಹತ್ತಿರವೂ ಆಡಿರಲಿಲ್ಲ ಅನ್ನೋದು ಮಾತ್ರ ಗೊತ್ತು.

ಈಗ ಆ ಮೊದಲ ಪ್ರಶ್ನೆ. ಕೆಲಸ ಮಾಡತ್ತಾ?

ನಮ್ಮಲ್ಲಿ ನಂಬದವರ ಕೈಯಲ್ಲಿ ಒಂದು ಪ್ರಬಂಧ ಯಾವಾಗಲೂ ತಯಾರಿರತ್ತೆ. ಅಮೆರಿಕದ ಎಮಿಲಿ ರೋಸಾ ಅನ್ನುವ ಹುಡುಗಿ ಒಂಬತ್ತು ವರ್ಷದವಳಿದ್ದಾಗ ಮಾಡಿದ ಪ್ರಯೋಗ ಅದು, 1998ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂತು. ಥೆರಪ್ಯೂಟಿಕ್ ಟಚ್ ಅಂತ ನಮ್ಮದನ್ನೇ ಹೋಲುವ ವಿದ್ಯೆಯ 21 ಜನರನ್ನ ಅವಳು ಪರೀಕ್ಷೆಗೆ ಕೂರಿಸಿದಳು. ನಡುವೆ ಒಂದು ಪರದೆ; ಅವರು ಎರಡೂ ಅಂಗೈಯನ್ನ ಪರದೆಯಾಚೆ ಚಾಚಬೇಕು. ಅವಳು ನಾಣ್ಯ ಚಿಮ್ಮಿ, ಎಡಗೈ ಬಂದರೆ ಎಡಗೈ, ಬಲಗೈ ಬಂದರೆ ಬಲಗೈ ಮೇಲೆ ತನ್ನ ಕೈಯನ್ನ ಮುಟ್ಟದೆ ಹಿಡಿತಾಳೆ. ಯಾವ ಕೈ ಹತ್ತಿರ ಇನ್ನೊಂದು ಕೈ ಇದೆ ಹೇಳಿ, ಅಷ್ಟೇ. 280 ಸಲದಲ್ಲಿ ಸರಿಯಾಗಿದ್ದು 123 ಸಲ, ಅಂದರೆ ನೂರಕ್ಕೆ 44. ಸುಮ್ಮನೆ ಊಹೆ ಮಾಡಿದರೂ 50ರ ಹತ್ತಿರ ಬರಬೇಕಿತ್ತು.

ನಂಬುವವರು ಹೇಳೋದು, ಅದು ಕೈಗೆ ಗೊತ್ತಾಗತ್ತಾ ಅನ್ನುವ ಪರೀಕ್ಷೆ, ಮನುಷ್ಯನಿಗೆ ಹಗುರ ಆಗತ್ತಾ ಅನ್ನುವ ಪರೀಕ್ಷೆ ಅಲ್ಲ. ನಂಬದವರು ಕೇಳೋದು, ಕೈಗೇ ಗೊತ್ತಾಗಲಿಲ್ಲ ಅಂದಮೇಲೆ ಗುಡಿಸೋದು ಏನನ್ನ? ಹಾಗಾದರೆ ಎದ್ದಾಗ ಅವರ ಮುಖ ಯಾಕೆ ಬದಲಾಗಿರತ್ತೆ? ಒಂದು ಗಂಟೆ ಫೋನ್ ನೋಡದೆ ಮಲಗಿದರೆ ಯಾರ ಮುಖವಾದರೂ ಬದಲಾಗತ್ತೆ. ಈ ವಾದ ನಮ್ಮ ಮನೆಯಲ್ಲಿ ಮೂರು ಚಳಿಗಾಲ ಕಂಡಿದೆ, ಇನ್ನೂ ಮುಗಿದಿಲ್ಲ. ಮುಗಿಯದೇ ಇದ್ದದ್ದಕ್ಕೇ ಒಂದು ಒಳ್ಳೆಯದಾಯ್ತು. ಇಬ್ಬರೂ ಒಪ್ಪುವಷ್ಟನ್ನು ಮಾತ್ರ ಒಂದು ಹಾಳೆಯಲ್ಲಿ, ಕನ್ನಡದಲ್ಲಿ ಬರೆದಿಟ್ಟಿದ್ದೀವಿ. ಪ್ರತಿ ಕ್ಲೈಂಟ್‌ಗೂ ಮೊದಲು ಹೋಗೋದು ಆ ಹಾಳೆ.

ಅದರಲ್ಲಿರೋದು ಇಷ್ಟು. ಇದು ಚಿಕಿತ್ಸೆಗೆ ಬದಲಿ ಅಲ್ಲ. ನಿಮಗೆ ಏನು ಕಾಯಿಲೆ ಅಂತ ನಾವು ಹೇಳೋದಿಲ್ಲ. ವಾಸಿ ಮಾಡ್ತೀವಿ ಅನ್ನೋದಿಲ್ಲ. ಯಾವ ಮಾತ್ರೆಯನ್ನೂ ಬಿಡಿ ಅಥವಾ ಕಡಿಮೆ ಮಾಡಿ ಅನ್ನೋದಿಲ್ಲ. ನಿಮ್ಮ ಸೆಷನ್ ರೆಕಾರ್ಡ್ ಮಾಡೋದಿಲ್ಲ. ಯಾರಿಗೆ ಮಾಡಬೇಕೋ ಅವರೇ ಕೇಳಬೇಕು, ಅವರಿಗೆ ತಿಳಿಸದೆ ಮಾಡೋದಿಲ್ಲ. ಈ ಕೊನೆಯದು ಯಾಕೆ ಅಂದರೆ, "ನಮ್ಮಮ್ಮ ಹಾಸನದಲ್ಲಿದ್ದಾರೆ, ಅವರಿಗೆ ಗೊತ್ತಾಗೋದು ಬೇಡ, ಫೋಟೋ ಕಳಿಸ್ತೀನಿ, ಮಾಡಿಬಿಡಿ" ಅಂತ ಕೇಳುವ ಮಕ್ಕಳು ಇದ್ದಾರೆ. ಪ್ರೀತಿಯಿಂದಲೇ ಕೇಳೋದು. ಆದರೂ ಅಮ್ಮನ ಮಂಡಿನೋವು ಅಮ್ಮನದು. ಅವರನ್ನ ಒಂದು ಮಾತು ಕೇಳಿ ಅಂದರೆ ಬಹಳಷ್ಟು ಸಲ ಅವರು ಅಮ್ಮನ ಜೊತೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡ್ತಾರೆ, ನಮ್ಮ ಹತ್ತಿರ ವಾಪಸ್ ಬರೋದೇ ಇಲ್ಲ. ಒಳ್ಳೇದೇ ಆಯ್ತು.

ಬ್ರಿಟನ್ನಿನಲ್ಲಿ ಹೀಲರ್ ಅಂತ ಬೋರ್ಡ್ ಹಾಕೋಕೆ ಯಾವ ಲೈಸೆನ್ಸೂ ಬೇಕಿಲ್ಲ. ಸಿಎನ್‌ಎಚ್‌ಸಿ ಅಂತ 2008ರಲ್ಲಿ ಶುರುವಾದ ಒಂದು ನೋಂದಣಿ ಸಂಸ್ಥೆ ಇದೆ, ಆದರೆ ಅದಕ್ಕೆ ಸೇರೋದು ಬಿಡೋದು ಅವರವರ ಇಷ್ಟ. ಕಾನೂನು ಗಟ್ಟಿಯಾಗಿ ಹಿಡಿಯೋದು ಬಾಗಿಲಲ್ಲಿ ಅಲ್ಲ, ಬಾಯಲ್ಲಿ. ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡ್ತೀವಿ ಅಂತ ಜನರಿಗೆ ಜಾಹೀರಾತು ಕೊಟ್ಟರೆ 1939ರ ಕ್ಯಾನ್ಸರ್ ಆಕ್ಟ್ ಪ್ರಕಾರ ಅಪರಾಧ. ಬೇರೆ ಕಾಯಿಲೆಗಳ ವಿಷಯದಲ್ಲೂ ಆಧಾರವಿಲ್ಲದ ಮಾತನ್ನ ಜಾಹೀರಾತಿನಲ್ಲಿ ಹೇಳಿದರೆ ಎಎಸ್‌ಎ ಕೇಳತ್ತೆ. ವರ್ಷಕ್ಕೆ 1,000 ಪೌಂಡ್ ದಾಟಿದ ಗಳಿಕೆಯನ್ನ ತೆರಿಗೆಯವರಿಗೆ ತೋರಿಸಬೇಕು. ಇನ್ಶೂರೆನ್ಸ್ ಇದೆ, ನಮ್ಮ ಪಾಲಿಸಿಯಲ್ಲಿ ಅಮೆರಿಕ, ಕೆನಡಾದಲ್ಲಿರುವ ಕ್ಲೈಂಟ್ ಸೇರೋದಿಲ್ಲ, ಹಾಗಾಗಿ ಅಲ್ಲಿಂದ ಕೇಳಿದವರಿಗೆ ಇಲ್ಲ ಅಂತೀವಿ. ಫೀಸು ಒಂದು ಗಂಟೆಗೆ 20 ಪೌಂಡ್, ಓದ್ತಿರುವವರಿಗೆ 10. ಹತ್ತು ಸೆಷನ್ನಿನ ಪ್ಯಾಕೇಜ್ ಮಾರೋದಿಲ್ಲ. ನಾಲ್ಕು ಆದಮೇಲೆ, ಇನ್ನೂ ಬೇಕಾ, ಯಾಕೆ ಬೇಕು ಅಂತ ನಾವೇ ಕೇಳ್ತೀವಿ. "ಅಕ್ಕಾ, ಹತ್ತು ಗಂಟೆಗೆ ವೈವಾ ಇದೆ, ಸ್ವಲ್ಪ ಎನರ್ಜಿ ಕಳಿಸಿ" ಅಂತ ಮೆಸೇಜ್ ಹಾಕುವವರಿಗೆ, ತಿಂಡಿ ತಿಂದು ಹೋಗಪ್ಪಾ ಅಂತ ಉತ್ತರ. ಅದಕ್ಕೆ ಫೀಸಿಲ್ಲ.

ಆ ಹಾಳೆ ಬರೀ ಹಾಳೆಯಲ್ಲ ಅಂತ ನಮಗೇ ಗೊತ್ತಾಗಿದ್ದು ಕಳೆದ ವರ್ಷದ ಫೆಬ್ರವರಿಯಲ್ಲಿ. ಆ ಹುಡುಗನನ್ನ ಕೇಳಿ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿ ಬರೀತಿದ್ದೀವಿ. ಬೇರೆ ಊರಿನಲ್ಲಿ ಮಾಸ್ಟರ್ಸ್ ಓದುವ ಹುಡುಗ. ಒಂದು ತಿಂಗಳಿಂದ ಸುಸ್ತು, ಓದೋಕೆ ಆಗ್ತಿಲ್ಲ ಅಂತ ಬಂದ. ಎಂದಿನ ಹಾಗೆ ಕೇಳ್ತಾ ಹೋದೆವು. ಊಟ? ಚೆನ್ನಾಗೇ ತಿಂತೀನಿ, ಆದರೂ ಪ್ಯಾಂಟ್ ಸಡಿಲ ಆಗಿದೆ. ನಿದ್ದೆ? ರಾತ್ರಿ ನಾಲ್ಕೈದು ಸಲ ಬಾತ್‌ರೂಮಿಗೆ ಏಳಬೇಕು. ನೀರು? ಮಾತಾಡುವಾಗಲೇ ಎರಡು ಲೀಟರಿನ ಬಾಟಲಿ ಪಕ್ಕದಲ್ಲಿತ್ತು, ನಮ್ಮೆದುರೇ ಎರಡು ಸಲ ಎತ್ತಿ ಕುಡಿದ. "ದೃಷ್ಟಿ ಆಗಿರಬೇಕು, ಯಾರ ಹತ್ರನಾದ್ರೂ ತೆಗೆಸಿಕೋ ಅಂತ ಅಮ್ಮ ಹೇಳ್ತಿದ್ದಾರೆ. ಅದಕ್ಕೇ ನಿಮ್ಮ ಹತ್ರ ಬಂದೆ."

ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು, ತೂಕ ಇಳಿಯೋದು. ಈ ನಾಲ್ಕು ಒಟ್ಟಿಗೆ ಇದ್ದರೆ ತಡಮಾಡದೆ ಸಕ್ಕರೆ ನೋಡಿಸಬೇಕು ಅಂತ ಇಲ್ಲಿನ ಫಾರ್ಮಸಿಗಳ ಗೋಡೆ ಮೇಲೂ ಅಂಟಿಸಿರ್ತಾರೆ. ಕಾಯಿಲೆ ಏನು ಅಂತ ಹೇಳೋ ಕೆಲಸ ನಮ್ಮದಲ್ಲ, ಹೇಳಲೂ ಇಲ್ಲ. ಇವತ್ತು ಸೆಷನ್ ಬೇಡ, ಈ ನಾಲ್ಕನ್ನೂ ಹೀಗೇ ಒಂದು ಚೀಟಿಯಲ್ಲಿ ಬರ್ಕೊಂಡು ಈಗಲೇ 111ಕ್ಕೆ ಫೋನ್ ಮಾಡಿ, ನೀವು ಮಾಡಿ ಮುಗಿಸೋವರೆಗೂ ನಾವು ಇದೇ ಲೈನಿನಲ್ಲಿ ಇರ್ತೀವಿ ಅಂದೆವು. ಅವನಿಗೆ ಬೇಜಾರಾಯ್ತು. "ಅಷ್ಟು ದೂರದಿಂದ ಮಾಡೋಕೆ ಆಗಲ್ವಾ?" ಅಂತ ಕೇಳಿದ. ನಾವಿರುವ ರೂಮಿನಲ್ಲಿ ಉಪ್ಪುನೀರಿನ ಬಟ್ಟಲು ಸಿದ್ಧವಾಗಿತ್ತು. ಒಂದು ಗಂಟೆ ಮಲಗಿಸಿದ್ದರೆ ಅವನಿಗೆ ಹಾಯೆನಿಸುತ್ತಿತ್ತೇನೋ. ಹಾಯೆನಿಸಿದ್ದರಿಂದಲೇ ಇನ್ನೊಂದು ವಾರ ಆಸ್ಪತ್ರೆಗೆ ಹೋಗದೆ ಇರುತ್ತಿದ್ದನೇನೋ.

ಅವತ್ತು ರಾತ್ರಿಯೇ ಅವನನ್ನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಟೈಪ್ 1 ಡಯಾಬಿಟಿಸ್. ವಾರದ ಮೇಲೆ ಊರಿಂದ ಅವರಮ್ಮ ಫೋನ್ ಮಾಡಿದರು. ಅಳು, ಥ್ಯಾಂಕ್ಸ್, ಆಮೇಲೆ ಮೆಲ್ಲಗೆ, "ನೀವು ದಿನಾ ಮಾಡಿದ್ರೆ ಆ ಇಂಜೆಕ್ಷನ್ ಬಿಡಬಹುದಲ್ವಾ ಮೇಡಂ? ಎಷ್ಟು ಕೇಳಿದ್ರೂ ಕೊಡ್ತೀವಿ." ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯನ್ನ ಯಾರೂ ಕೇಳಿಲ್ಲ. ನಂಬುವವರೂ ನಂಬದವರೂ ಒಂದೇ ದನಿಯಲ್ಲಿ ಬೇಡ ಅಂದೆವು. ಟೈಪ್ 1ರಲ್ಲಿ ಮೈ ತಾನಾಗಿ ಇನ್ಸುಲಿನ್ ಮಾಡಿಕೊಳ್ಳೋದಿಲ್ಲ, ಹೊರಗಿಂದ ಕೊಡದೇ ಇದ್ದರೆ ಬದುಕಿಲ್ಲ. ಉಸುಯಿ ಕುರಾಮಾ ಬೆಟ್ಟದಲ್ಲಿ ಕೂತ ಅದೇ 1922ರಲ್ಲಿ, ಟೊರಾಂಟೋದ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಮೊಟ್ಟಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಅದಕ್ಕೆ ಮೊದಲು ಈ ಕಾಯಿಲೆ ಬಂದ ಮಕ್ಕಳು ಉಳೀತಿರಲಿಲ್ಲ. ಅಮ್ಮನಿಗೆ ಇಷ್ಟನ್ನೂ ಹೇಳಿದೆವು, ಇಂಗ್ಲೆಂಡಿನಲ್ಲಿ ಇನ್ಸುಲಿನ್‌ಗೆ ದುಡ್ಡು ಕೊಡಬೇಕಿಲ್ಲ ಅನ್ನೋದನ್ನೂ ಹೇಳಿದೆವು. ಫೋನ್ ಆ ಕಡೆ ಬಹಳ ಹೊತ್ತು ಸುಮ್ಮನಿದ್ದು, "ನೀವೇ ಹೇಳಿದ್ರಲ್ಲ, ಸರಿ" ಅಂದರು. ಡಾಕ್ಟರು ಹೇಳಿದ್ದಕ್ಕಿಂತ ಹೀಲರ್ ಬೇಡ ಅಂದಿದ್ದು ಆ ತಾಯಿಗೆ ತಟ್ಟಿತು. ಆ ಭಾರ ನೆನೆಸಿಕೊಂಡರೆ ನಮಗೆ ಈಗಲೂ ಭಯ ಆಗತ್ತೆ. ಅದೇ ನಂಬಿಕೆಗೆ ಹೂಂ ಅನ್ನುವವರೂ ಸಿಗಬಹುದಲ್ಲ.

ಆ ಹುಡುಗ ಈಗಲೂ ತಿಂಗಳಿಗೊಮ್ಮೆ ಸೆಷನ್‌ಗೆ ಬರ್ತಾನೆ. ಇನ್ಸುಲಿನ್ ತಗೊಂಡು, ಸಕ್ಕರೆ ನೋಡಿಕೊಂಡು, ಪಕ್ಕದಲ್ಲಿ ಗ್ಲೂಕೋಸ್ ಮಾತ್ರೆ ಇಟ್ಟುಕೊಂಡು ಮಲಗ್ತಾನೆ. ಯಾಕೆ ಬರ್ತೀಯಾ ಅಂತ ನಾಲ್ಕನೇ ಸೆಷನ್ ಆದಮೇಲೆ ಕೇಳಿದ್ವಿ. "ದಿನಾ ಎಲ್ರೂ ನಂಬರ್ ಕೇಳ್ತಾರೆ. ಈ ಒಂದು ಗಂಟೆ ಯಾರೂ ನಂಬರ್ ಕೇಳಲ್ಲ" ಅಂದ. ಕೆಲಸ ಮಾಡತ್ತಾ ಅನ್ನುವ ಪ್ರಶ್ನೆಗೆ ನಮ್ಮಿಬ್ಬರಿಗೂ ಒಪ್ಪಿಗೆಯಾಗುವ ಉತ್ತರ ಸದ್ಯಕ್ಕೆ ಇಷ್ಟೇ. ನಾವು ಮಾರೋದು ಒಂದು ಗಂಟೆಯ ಪೂರ್ತಿ ಗಮನ, ನಿಮ್ಮ ಭಾಷೆಯಲ್ಲಿ. ಪ್ರಾಣಶಕ್ತಿ ಅದರ ಮೇಲೆ ಇದೆಯೋ ಇಲ್ಲವೋ ಅನ್ನೋದನ್ನ ಬಿಲ್ಲಿಗೆ ಸೇರಿಸೋದಿಲ್ಲ.

ಆನ್‌ಲೈನ್ ಅಂದಮೇಲೆ ಇನ್ನೊಂದು ಕಷ್ಟ ಇದೆ. ಎದುರಿಗೆ ಕೂತವರಿಗೆ ಏನಾದರೂ ಆದರೆ ಎದ್ದು ಹೋಗಿ ಹಿಡೀಬಹುದು, ಪರದೆಯಾಚೆ ಇರುವವರನ್ನ ಹಿಡಿಯೋದು ಹೇಗೆ? ಅದಕ್ಕೇ ಪ್ರತಿ ಸೆಷನ್ನೂ ಒಂದೇ ಪ್ರಶ್ನೆಯಿಂದ ಶುರುವಾಗತ್ತೆ. ಮೊದಲು ನೀವು ಎಲ್ಲಿದ್ದೀರಿ ಹೇಳಿ. ಊರಲ್ಲ, ಪೂರ್ತಿ ವಿಳಾಸ, ಪೋಸ್ಟ್‌ಕೋಡ್ ಸಮೇತ. ಪಕ್ಕದ ರೂಮಿನಲ್ಲಿ ಯಾರಿದ್ದಾರೆ, ಅವರ ನಂಬರ್ ಏನು. ನಗ್ತಾರೆ, ಪಿಜ್ಜಾ ಕಳಿಸ್ತೀರಾ ಅಂತ ಕೇಳ್ತಾರೆ. ಯಾರಾದರೂ ಬದುಕೋದೇ ಬೇಡ ಅನ್ನಿಸ್ತಿದೆ ಅಂದರೆ ಅಲ್ಲಿಗೆ ಹೀಲಿಂಗ್ ನಿಲ್ಲತ್ತೆ. ತಕ್ಷಣದ ಅಪಾಯ ಇದ್ದರೆ 999. ಇಲ್ಲದಿದ್ದರೆ 111ಕ್ಕೆ ಫೋನ್ ಮಾಡಿ 2 ಒತ್ತಿದರೆ ಮಾನಸಿಕ ಆರೋಗ್ಯದವರು ಸಿಗ್ತಾರೆ. ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸಮರಿಟನ್ಸ್ ಇದ್ದಾರೆ, 116 123, ಹಗಲು ರಾತ್ರಿ. ಊರಿನಲ್ಲಿರುವವರಿಗೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್‌ಗಳೆಲ್ಲ ಉಪ್ಪುನೀರಿನ ಬಟ್ಟಲಿನ ಪಕ್ಕದಲ್ಲೇ ಗೋಡೆಗೆ ಅಂಟಿಸಿದ್ದೀವಿ.

ನಿಮ್ಮಲ್ಲಿ ಯಾರಾದರೂ ಆನ್‌ಲೈನ್ ಹೀಲಿಂಗ್ ತಗೊಳ್ಳೋಣ ಅಂತಿದ್ದರೆ, ಯಾರ ಹತ್ತಿರವೇ ಆಗಲಿ, ಮೂರು ವಿಷಯ ನೋಡಿ. ನಿಮ್ಮ ಮಾತ್ರೆಯ ಬಗ್ಗೆ ಅವರು ಏನಂತಾರೆ. ನಿಮ್ಮನ್ನ ಡಾಕ್ಟರ ಹತ್ತಿರ ಕಳಿಸೋಕೆ ಅವರಿಗೆ ಮನಸ್ಸಿದೆಯಾ. ಮುಂದಿನ ಸಲ ಬರಲ್ಲ ಅಂದರೆ ಅವರು ಹೆದರಿಸ್ತಾರಾ. ಹೆದರಿಸಿದರೆ, ನಿಮ್ಮ ಮೇಲೆ ಯಾರೋ ಮಾಟ ಮಾಡಿಸಿದ್ದಾರೆ, ಇನ್ನೂ ಏಳು ಸೆಷನ್ ಬೇಕು ಅಂದರೆ, ಲ್ಯಾಪ್‌ಟಾಪ್ ಮುಚ್ಚಿ.

ಹೊಸದಾಗಿ ಬಂದವರಿಗೆ ಕೊನೆಯದಾಗಿ ಒಂದು ಮಾತು. ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿಯೇ ಬಂದಿದ್ದೀರಿ. ಆದರೂ ಜಿಪಿ ಹತ್ತಿರ ಹೆಸರು ಬರೆಸದೇ ಇರುವವರು ನಮ್ಮ ಸಂಘದಲ್ಲೇ ಎಷ್ಟೋ ಜನ ಇದ್ದೀರಿ, ಊಟದ ಸಾಲಿನಲ್ಲಿ ನಾವು ಕೇಳಿ ನೋಡಿದ್ದೀವಿ. ಬರೆಸೋಕೆ ದುಡ್ಡಿಲ್ಲ, ಹತ್ತು ನಿಮಿಷ ಸಾಕು. ಮೊದಲು ಅದನ್ನ ಮಾಡಿಕೊಳ್ಳಿ. ಆಮೇಲೂ ಎದೆ ಭಾರ ಅನ್ನಿಸಿದರೆ, ಕನ್ನಡದಲ್ಲಿ ಹೇಳಿಕೊಳ್ಳಬೇಕು ಅನ್ನಿಸಿದರೆ, ನಾವಿದ್ದೀವಿ.